ಒಂಬತ್ತು ಬೆರಳಿನ ಕೀಬೋರ್ಡು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿ ಧ್ಯಾನ ಕಲಿಸುತ್ತಿರಲಿಲ್ಲ, ಟೈಪಿಂಗ್ ಕಲಿಸುತ್ತಿದ್ದರು.

ಕೇಳಿದವರು ನಗುತ್ತಾರೆ, ನಗಲಿ. ಕಲಿಸುತ್ತಿದ್ದ ಮರುಳಯ್ಯ ಗುರುಗಳು ಮಾತ್ರ ಎರಡಕ್ಕೂ ಅಂಥ ವ್ಯತ್ಯಾಸವಿದೆ ಎಂದು ಒಪ್ಪಿದವರೇ ಅಲ್ಲ. ಬೆನ್ನು ನೆಟ್ಟಗಿರಬೇಕು, ಕಣ್ಣು ಕೈಯ ಮೇಲೆ ಹೋಗಬಾರದು, ಮನಸ್ಸು ಮುಂದಿನ ಅಕ್ಷರಕ್ಕೆ ಓಡಬಾರದು. ಇಷ್ಟಾದರೆ ಎರಡೂ ಬರುತ್ತವೆ, ಇಷ್ಟಾಗದಿದ್ದರೆ ಎರಡೂ ಇಲ್ಲ ಎನ್ನುತ್ತಿದ್ದರು. ಸುತ್ತಲಿನ ಹಳ್ಳಿಗಳವರಿಗೆಲ್ಲ ಅವರು ಅಜ್ಜಾರು. ನಮಗೂ ಇನ್ನು ಅಜ್ಜಾರೇ.

ಅಜ್ಜಾರು ಕಲಿಸುವ ರೀತಿಯೇ ಬೇರೆ. ಹೊಸಬರು ಬಂದರೆ ಅವರ ಕೈಗಳ ಮೇಲೆ ಮರದ ಹಲಗೆಯೊಂದನ್ನು ಅಡ್ಡ ಇಡಿಸಿ ಕೀಗಳು ಕಾಣದ ಹಾಗೆ ಮಾಡುತ್ತಿದ್ದರು. ಆಮೇಲೆ ತಾವು ಬೆನ್ನು ತಿರುಗಿಸಿ, ನದಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಸದ್ದು ಕೇಳಿಯೇ ಯಾವ ಬೆರಳು ತಪ್ಪಿತು ಎಂದು ಹೇಳುತ್ತಿದ್ದರು.

ಮೊದಲ ಪಾಠ ಎಲ್ಲರಿಗೂ ಒಂದೇ. ಒಂದೊಂದು ಬೆರಳಿಗೂ ಅದರದೇ ಮನೆ ಇದೆ, ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡಬಾರದು.

ಈ ಪಾಠವನ್ನು ಫಕೀರೇಶನಷ್ಟು ನಿಷ್ಠೆಯಿಂದ ಕಲಿತ ಶಿಷ್ಯ ಇನ್ನೊಬ್ಬನಿರಲಿಲ್ಲ. ಅಜ್ಜಾರು ಯಾರನ್ನೂ ಹೊಗಳುವವರಲ್ಲ. ಆದರೆ ಫಕೀರೇಶ ಟೈಪ್ ಮಾಡಲು ಕೂತರೆ ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಬೆರಳಾಡಿಸುತ್ತ ಕೂತುಬಿಡುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಆ ಆಶ್ರಮದಲ್ಲಿ ಇರಲಿಲ್ಲ.

ಒಂದು ದಿನ ಫಕೀರೇಶ ಎಂಜಿನ್ ಆರಿಸದೆಯೇ ಬೈಕಿನ ಚೈನು ಒರೆಸಲು ಹೋದ. ಬಟ್ಟೆಯ ಜೊತೆ ಎಡಗೈ ಕಿರುಬೆರಳೂ ಒಳಗೆ ಹೋಯಿತು. ಗಾಯವೇನೋ ಮಾಯ್ದಿತು, ಬೆರಳು ತಿರುಗಿ ಬರಲಿಲ್ಲ.

ಊರಿನವರು ಬಂದು ಸಮಾಧಾನ ಹೇಳಿದರು. ಹೋದದ್ದು ಕಿರುಬೆರಳು ತಾನೇ, ಅದೂ ಎಡಗೈದು, ಉಣ್ಣಲು ಬರೆಯಲು ಏನೂ ತೊಂದರೆಯಿಲ್ಲ ಎಂದರು. ಟೈಪಿಂಗ್ ಬಾರದವರಿಗೆ ಹೇಗೆ ತಿಳಿಯಬೇಕು?

ಕನ್ನಡ ಟೈಪ್ ಮಾಡುವವನಿಗೆ ಎಡಗೈ ಕಿರುಬೆರಳೆಂದರೆ ಅ. ದೀರ್ಘ ಎಳೆಯಬೇಕೆಂದರೂ ಅದೇ ಕೀ. ಅದರ ಮೇಲೆ ಟ, ಕೆಳಗೆ ಮೂಲೆಯಲ್ಲಿ ಶಿಫ್ಟ್. ಮ ಒತ್ತಿ ಸೊನ್ನೆ ಬರಿಸಲು ಆ ಶಿಫ್ಟ್ ಬೇಕು, ಳಕಾರಕ್ಕೆ ಬೇಕು, ಣಕಾರಕ್ಕೂ ಬೇಕು. ಹೋದದ್ದು ಒಂದೇ ಬೆರಳು, ಅದರ ಜೊತೆ ಅರ್ಧ ಅಕ್ಷರಮಾಲೆಯೇ ಹೋದ ಹಾಗಾಯಿತು.

ಫಕೀರೇಶ ಆಶ್ರಮದ ದಾರಿ ಮರೆತ. ಚಿಕ್ಕಪ್ಪನ ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಒಳಗಿಂದ ಬಂದ ಹಾಳೆ ಎತ್ತಿ ಗಿರಾಕಿಗಳ ಕೈಗೆ ಕೊಡುತ್ತ ದಿನ ತಳ್ಳಿದ. ಎಡಗೈ ಯಾವಾಗಲೂ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು.

ಹೀಗಿರುವಾಗ ಹುಬ್ಬಳ್ಳಿಯ ಒಂದು ಯುವಜನ ಸಂಘ ಸ್ಪರ್ಧೆ ಇಟ್ಟಿತು. ಮೊದಲ ಸುತ್ತು ಕನ್ನಡ ಟೈಪಿಂಗ್, ಎರಡನೆಯ ಸುತ್ತು ಕಂಪ್ಯೂಟರ್ ಆಟ. ಮೊದಲ ಸುತ್ತಿನಲ್ಲಿ ಮುಂದೆ ಬಂದ ಇಬ್ಬರಿಗೆ ಮಾತ್ರ ಎರಡನೆಯದು. ಎರಡರ ಅಂಕವನ್ನೂ ಕೂಡಿಸಿ, ಹೆಚ್ಚು ಬಂದವರು ಗೆದ್ದ ಹಾಗೆ. ಕೀಬೋರ್ಡು ಮಾತ್ರ ಅವರವರೇ ತರಬೇಕು.

ಜಾಹೀರಾತಿನ ಹಾಳೆ ಪ್ರತಿ ಮಾಡಿಸಲು ಬಂದದ್ದು ಫಕೀರೇಶನ ಅಂಗಡಿಗೇ. ಅವನು ಅದನ್ನು ನಿಂತಲ್ಲೇ ಓದಿದ. ಟೈಪಿಂಗ್ ಅವನ ಅನ್ನವಾಗಿತ್ತು, ಆಟ ಅವನ ಹಬ್ಬವಾಗಿತ್ತು. ಎರಡನ್ನೂ ಒಂದೇ ಕಡೆ ಇಟ್ಟು ಯಾರೋ ಅವನ ಹೆಸರು ಹಿಡಿದು ಕರೆದ ಹಾಗಾಯಿತು.

ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ. ಈ ಸ್ಪರ್ಧೆಯಲ್ಲಿ ತನ್ನ ಕೈ ನಡೆದರೆ ನಡೆಯಿತು. ನಡೆಯದಿದ್ದರೆ ಇನ್ನು ಜನ್ಮದಲ್ಲಿ ಕೀಬೋರ್ಡು ಮುಟ್ಟುವುದಿಲ್ಲ, ಹಾಳೆ ಎತ್ತಿ ಕೊಡುತ್ತಲೇ ಇದ್ದುಬಿಡುವುದು.

ಮರುದಿನ ಆಶ್ರಮಕ್ಕೆ ಬಂದ. ಎಡಗೈ ಜೇಬಿನಲ್ಲಿಟ್ಟುಕೊಂಡೇ ಬಗ್ಗಿ ನಮಸ್ಕಾರ ಮಾಡಿದ.

“ಅಜ್ಜಾರ, ಯಾವ ಕೀಬೋರ್ಡ್ ತಗೊಳ್ಳಲಿ?”

ಇಷ್ಟು ದಿನ ಎಲ್ಲಿದ್ದೆ ಎಂದು ಅಜ್ಜಾರು ಕೇಳಲಿಲ್ಲ. ಯಾತಕ್ಕೆ ಬೇಕು ಎಂದಷ್ಟೇ ಕೇಳಿದರು.

“ಟೈಪಿಂಗಿಗೂ ಬೇಕ್ರಿ, ಆಟಕ್ಕೂ ಬೇಕು. ರೊಕ್ಕ ಭಾಳ ಇಲ್ಲ.”

“ಆಟ ಹೆಂಗಿರತೈತಿ? ತೋರಿಸು.”

ಫಕೀರೇಶನಿಗೆ ನಾಚಿಕೆಯಾಯಿತು. ಗುರುಗಳ ಮುಂದೆ ಕಂಪ್ಯೂಟರ್ ಆಟ ಆಡುವುದೇ! ಆದರೂ ಆಶ್ರಮದ ಹಳೆಯ ಕಂಪ್ಯೂಟರಿನ ಮುಂದೆ ಕೂತು ಒಂದು ಆಟ ಹಚ್ಚಿದ. ಎಡಗೈಯಿಂದ ಶಿಫ್ಟ್ ಒತ್ತಿ ಹಿಡಿದರೆ ಕೋಟೆಯ ಗೋಡೆಯ ಮೇಲೆ ಒಬ್ಬ ಸೈನಿಕ ಓಡುತ್ತಾನೆ, ಕಂದಕ ಬಂದಾಗ ಬಲಗೈಯಿಂದ ಜಿಗಿಸಬೇಕು. ಫಕೀರೇಶ ಬಲಗೈಯೊಂದರಲ್ಲೇ ಆಡಿದ. ಸೈನಿಕ ಮೊದಲ ಕಂದಕಕ್ಕೇ ಬಿದ್ದ.

ಅಜ್ಜಾರು ಮನಸಾರೆ ನಕ್ಕರು. ಇನ್ನೊಮ್ಮೆ ಆಡಿಸಿದರು. ಸೈನಿಕ ಇನ್ನೊಮ್ಮೆ ಬಿದ್ದ.

“ಅಂವ ಯಾಕ ಬಿದ್ದ?”

“ಈ ಕೀಬೋರ್ಡ್ ಚಲೋ ಇಲ್ರಿ, ಅಜ್ಜಾರ.”

ಅಜ್ಜಾರು ಶಿಷ್ಯನ ಜೇಬಿನ ಕಡೆ ಒಮ್ಮೆ ನೋಡಿದರು.

“ಹೌದೇನು? ಹಂಗಾದ್ರ ಚಲೋದು ತಗೊಂಡ ಬಾ.”

ಫಕೀರೇಶ ಇದನ್ನು ಅಪ್ಪಣೆ ಎಂದುಕೊಂಡ. ಮೊಬೈಲಿನಲ್ಲಿ ವಿಡಿಯೋ ನೋಡಲು ಶುರುಮಾಡಿದ. ಊಟಕ್ಕೆ ಕೂತಾಗಲೂ ವಿಡಿಯೋ, ಅಂಗಡಿಯಲ್ಲಿ ಗಿರಾಕಿ ಕಾಯುತ್ತ ನಿಂತಾಗಲೂ ವಿಡಿಯೋ. ಕೀಬೋರ್ಡು ಕೊಳ್ಳುವ ಮೊದಲೇ ಕೀಬೋರ್ಡಿನ ಪಂಡಿತನಾದ.

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಯ ಕೆಳಗೂ ಸ್ಪ್ರಿಂಗ್ ಇರುವ ಪುಟ್ಟ ಸ್ವಿಚ್ಚು ಇರುತ್ತದೆ. ಕೆಂಪು ಸ್ವಿಚ್ಚು ಸದ್ದಿಲ್ಲದೆ ನೇರ ಇಳಿಯುತ್ತದೆ, ಆಟದವರಿಗೆ ಪ್ರೀತಿ. ನೀಲಿ ಟಕ್ ಟಕ್ ಎನ್ನುತ್ತದೆ, ಟೈಪಿಸ್ಟರಿಗೆ ಪ್ರೀತಿ. ಕಂದು ಇವೆರಡರ ನಡುವಿನದು, ಅರ್ಧ ದಾರಿಯಲ್ಲಿ ಬೆರಳಿಗೆ ಸಣ್ಣದೊಂದು ತಡೆ ಸಿಗುತ್ತದೆ. ಇದೆಲ್ಲವನ್ನೂ ಅವನು ಅಜ್ಜಾರಿಗೆ ವಿವರಿಸಿದ. ಅಜ್ಜಾರು ಹೂಂಗುಟ್ಟುತ್ತ ಕೇಳಿದರು.

ಕೊನೆಗೆ ಹುಬ್ಬಳ್ಳಿಗೆ ಹೋಗಿ, ಗೌಸ್‌ಸಾಬರ ಅಂಗಡಿಯಲ್ಲಿ ಒಂದನ್ನು ಕೊಂಡ. ನೀಲಿ ಸ್ವಿಚ್ಚಿನದು, ಕೆಳಗಿಂದ ಕಾಮನಬಿಲ್ಲಿನ ಹಾಗೆ ದೀಪ ಓಡಾಡುವಂಥದು. ವಿಡಿಯೋದಲ್ಲಿ ಒಬ್ಬ ಚಾಂಪಿಯನ್ ಇಂಥದ್ದನ್ನೇ ಇಟ್ಟುಕೊಂಡಿದ್ದ. ಗೌಸ್‌ಸಾಬರು ಒಳ್ಳೆಯ ಮನುಷ್ಯರು. ಡಬ್ಬಿ ಹಾಳು ಮಾಡಬೇಡ, ಕೈಗೆ ಹಿಡಿಸದಿದ್ದರೆ ತಂದು ಬದಲಿಸಿಕೊಂಡು ಹೋಗು ಎಂದು ಹೇಳಿಯೇ ಕಳಿಸಿದರು.

ಫಕೀರೇಶ ಅದನ್ನು ಆಶ್ರಮಕ್ಕೆ ತಂದು ಜೋಡಿಸಿದ. ಕೈಗಳ ಮೇಲೆ ಹಲಗೆ ಅಡ್ಡ ಇಟ್ಟುಕೊಂಡ. ಅಜ್ಜಾರು ನದಿಯ ಕಡೆ ತಿರುಗಿ ಕೂತು ಕಣ್ಣು ಮುಚ್ಚಿದರು. ಗುರುಗಳು ಹಾಗೆ ಕೂತದ್ದನ್ನು ಅವನು ಕಂಡು ಎಷ್ಟೋ ದಿನವಾಗಿತ್ತು.

ಟೈಪ್ ಮಾಡತೊಡಗಿದ. ಸದ್ದು ಏನೋ ಬೊಂಬಾಟಾಗಿತ್ತು. ಆದರೆ ಅ ಬಂದಾಗೆಲ್ಲ ಅವನು ಮುಂಗೈ ತಿರುಚಿ, ಮೋಟು ಬೆರಳನ್ನು ಅದರ ಹಳೆಯ ಮನೆಗೆ ಒಯ್ದು ಒತ್ತುತ್ತಿದ್ದ. ಶಿಫ್ಟಿಗಂತೂ ಮೊಣಕೈಯನ್ನೇ ಎತ್ತಬೇಕಾಗುತ್ತಿತ್ತು. ಆಟ ಎಂಬ ಪುಟ್ಟ ಪದ ಬಂತು. ಅದರ ಎರಡು ಅಕ್ಷರವೂ ಅದೇ ಬೆರಳಿನವು. ಒತ್ತಿದ, ಬರಲಿಲ್ಲ. ಜೋರಾಗಿ ಒತ್ತಿದ, ಮಾಯ್ದ ಗಾಯ ಉರಿಯಿತು.

ಅಜ್ಜಾರು ಕಣ್ಣು ತೆರೆದರು.

“ಸದ್ದು ಚಲೋ ಐತಿ. ನಡನಡುವ ತೂತು ಬಿದ್ದೈತಿ.”

ಪಕ್ಕದ ಬೆರಳಿನಿಂದ ಒತ್ತಬಹುದಲ್ಲ ಎಂದು ಅಜ್ಜಾರು ಕೇಳಿದರು.

“ಅದು ಕಿರುಬೆರಳಿನ ಮನೀ ಐತ್ರಿ, ಅಜ್ಜಾರ. ಒಬ್ಬರ ಮನೀಗೆ ಒಬ್ಬರು ಹೋಗಬಾರದು ಅಂತ ನೀವ ಹೇಳೀರಿ.”

ಅಜ್ಜಾರು ಎದ್ದು ಒಳಗೆ ಹೋದರು. ತಾನು ಏನಾದರೂ ತಪ್ಪು ಮಾತಾಡಿದೆನೇ ಎಂದು ಫಕೀರೇಶನಿಗೆ ಪೇಚಾಟವಾಯಿತು.

ಮರುದಿನ ಅವನು ಬಂದಾಗ ಶಿಷ್ಯರೆಲ್ಲ ಬಾಗಿಲಲ್ಲೇ ಗುಂಪುಗೂಡಿ ನಿಂತಿದ್ದರು. ಇಣುಕಿ ನೋಡಿದರೆ, ಶಿಷ್ಯರ ಸಾಲಿನಲ್ಲಿ ಅಜ್ಜಾರು ಕೂತಿದ್ದಾರೆ. ಎಡಗೈ ಕಿರುಬೆರಳನ್ನು ಮಡಚಿ, ಕಾವಿ ಬಟ್ಟೆಯ ಚೂರಿನಿಂದ ಅಂಗೈಗೆ ಬಿಗಿದು ಕಟ್ಟಿಕೊಂಡಿದ್ದಾರೆ. ಕೈಗಳ ಮೇಲೆ, ಹೊಸಬರ ಹಾಗೆಯೇ, ಮರದ ಹಲಗೆ.

ಅಜ್ಜಾರು ಟೈಪ್ ಮಾಡುತ್ತಿದ್ದರು. ಸಾಲಿಗೆ ಸಾಲು ತಪ್ಪು. ಅ ಇರಬೇಕಾದಲ್ಲಿ ಇನ್ನೇನೋ, ಸೊನ್ನೆ ಇರಬೇಕಾದಲ್ಲಿ ಮ. ಪ್ರತಿ ತಪ್ಪಿಗೂ “ತಪ್ಪು” ಎಂದು ತಾವೇ ಗಟ್ಟಿಯಾಗಿ ಹೇಳಿ ಮುಂದೆ ಹೋಗುತ್ತಿದ್ದರು. ಆ ಆಶ್ರಮದಲ್ಲಿ ಅಜ್ಜಾರ ಕೈ ತಪ್ಪಿದ್ದನ್ನು ಅದುವರೆಗೆ ಕಂಡವರಿರಲಿಲ್ಲ. ಒಬ್ಬಿಬ್ಬರು ತಲೆ ತಗ್ಗಿಸಿದರು.

ಉಂಗುರಬೆರಳು ಕಿರುಬೆರಳಿನ ಮನೆಗೆ ಹೋಗುತ್ತಿತ್ತು. ಹೊಸ ಸೊಸೆ ಮೊದಲ ದಿನ ಅಡುಗೆಮನೆಗೆ ಹೋದ ಹಾಗೆ, ಹೆದರಿ ಹೆದರಿ ಹೋಗುತ್ತಿತ್ತು. ಡಬ್ಬಿ ಯಾವುದು, ಸೌಟು ಎಲ್ಲಿ ಎಂದು ತಿಳಿಯದೆ ತಡವರಿಸಿ ಬರುತ್ತಿತ್ತು.

ಊಟದ ಹೊತ್ತಾಯಿತು, ಅಜ್ಜಾರು ಏಳಲಿಲ್ಲ. ಬಿಸಿಲು ಅಂಗಳ ದಾಟಿತು, ಆಗಲೂ ಏಳಲಿಲ್ಲ. ಆದರೆ ತಪ್ಪು ಎಂಬ ಮಾತು ಕಡಿಮೆಯಾಗುತ್ತ ಬಂತು. ಸಂಜೆಯ ಹೊತ್ತಿಗೆ ಒಂದು ಇಡೀ ಸಾಲು ಆ ಮಾತಿಲ್ಲದೆ ಮುಗಿಯಿತು.

ಫಕೀರೇಶನಿಗೆ ನೋಡಲಾಗಲಿಲ್ಲ. ಹೋಗಿ ಗುರುಗಳ ಕೈ ಹಿಡಿದುಕೊಂಡ.

“ಬಿಡ್ರಿ ಅಜ್ಜಾರ. ಮೊದಲನೇ ಪಾಠಾನ ಮುರಿಯಾಕತ್ತೀರಲ್ಲ. ನೀವ ಕಲಿಸಿದ್ದು ಅದು.”

“ಕಲಿಸಿದ್ದೆ,” ಎಂದರು ಅಜ್ಜಾರು. “ಹತ್ತು ಬೆರಳಿದ್ದವಗ ಕಲಿಸಿದ್ದೆ.”

ಫಕೀರೇಶ ಅಲ್ಲೇ ಕುಸಿದು ಕೂತು ಅತ್ತ. ಬೆರಳು ಹೋದ ದಿನವೂ ಅವನು ಅತ್ತಿರಲಿಲ್ಲ. ಅಜ್ಜಾರು ತಮ್ಮ ಕೈಯ ಕಟ್ಟು ಬಿಚ್ಚಿಕೊಂಡು, ಅವನು ಅತ್ತು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದರು.

ಆಮೇಲೆ ಅವನನ್ನು ನದಿಗೆ ಕರೆದುಕೊಂಡು ಹೋದರು. ನೀರು ಹಿಂದೆ ಸರಿದಿದ್ದರಿಂದ ದಂಡೆಯ ಉಸುಕು ಹಸಿಯಾಗಿತ್ತು.

“ಎಡಗೈ ಊರು.”

ಫಕೀರೇಶ ಕೈಯನ್ನು ಜೇಬಿನಿಂದ ತೆಗೆದ. ಇನ್ನೊಬ್ಬರೆದುರು ಅದನ್ನು ಬಿಚ್ಚಿ ತೋರಿಸಿದ್ದು ಅದೇ ಮೊದಲು. ಹಸಿ ಉಸುಕಿನ ಮೇಲೆ ಊರಿ, ಭಾರ ಬಿಟ್ಟು, ಎತ್ತಿದ. ಬೆರಳ ಗುರುತುಗಳಲ್ಲಿ ಆಗಲೇ ನೀರು ತುಂಬುತ್ತಿತ್ತು.

“ಯಾವುದು ಆಳ ಐತಿ?”

“ಹೆಬ್ಬೆರಳಿಂದು, ಅಜ್ಜಾರ.”

“ಅದಕ್ಕ ಏನ್ ಕೆಲಸಾ ಕೊಟ್ಟಿ?”

ಫಕೀರೇಶ ಯೋಚಿಸಿದ. ಎರಡು ಪದಗಳ ನಡುವೆ ಜಾಗ ಬಿಡುವ ಉದ್ದನೆಯ ಕೀ ಹೆಬ್ಬೆರಳಿನದು. ಆದರೆ ಅದನ್ನೂ ಬಲಗೈ ಹೆಬ್ಬೆರಳೇ ಒತ್ತುತ್ತದೆ. ಎಡಗೈಯದಕ್ಕೆ ಇಷ್ಟು ವರ್ಷದಲ್ಲಿ ಯಾರೂ ಏನೂ ಕೆಲಸ ಹೇಳಿದ್ದೇ ಇಲ್ಲ.

“ಸುಮ್ಮನ ಕುಂತಿರತೈತ್ರಿ, ಅಜ್ಜಾರ.”

“ಎಲ್ಲಾರಕಿಂತ ಗಟ್ಟಿ ಆಳು. ಕುಂತ ಉಣ್ಣಾಕತ್ತಾನ.”

ಫಕೀರೇಶ ನಕ್ಕುಬಿಟ್ಟ. ನಗುವಾಗಲೇ ಅವನಿಗೆ ಹೊಳೆಯಿತು. ಉದ್ದನೆಯ ಕೀಯ ಎಡಪಕ್ಕದಲ್ಲೇ, ಹೆಬ್ಬೆರಳಿನ ತುದಿಗೆ ಸಿಗುವ ಹಾಗೆ, ಇನ್ನೊಂದು ಕೀ ಇದೆ. ಕನ್ನಡ ಟೈಪ್ ಮಾಡುವವನಿಗೆ ಅದರಿಂದ ಏನೂ ಉಪಯೋಗವಿಲ್ಲ. ಮೂಲೆಯಲ್ಲಿರುವ ಶಿಫ್ಟನ್ನು ಅಲ್ಲಿಗೆ ಕರೆದುಕೊಂಡು ಬಂದರೆ ಆಯಿತಲ್ಲ! ತಾನು ಬೆರಳಿಲ್ಲದ ಕೈಯನ್ನು ಕೀಬೋರ್ಡಿಗೆ ಹೊಂದಿಸಲು ಒದ್ದಾಡುತ್ತಿದ್ದೆ, ಕೀಬೋರ್ಡನ್ನೇ ಈ ಕೈಗೆ ಹೊಂದಿಸಬೇಕು. ಇಷ್ಟು ಸಣ್ಣ ವಿಷಯ ಅಷ್ಟೊಂದು ವಿಡಿಯೋ ನೋಡಿದರೂ ತಲೆಗೆ ಹತ್ತಿರಲಿಲ್ಲ.

ಈ ಸಲ ಗೌಸ್‌ಸಾಬರ ಅಂಗಡಿಗೆ ಇಬ್ಬರೂ ಹೋದರು. ದೀಪದ ಕೀಬೋರ್ಡನ್ನು ಡಬ್ಬಿಯ ಸಮೇತ ವಾಪಸು ಕೊಟ್ಟು, ಫಕೀರೇಶ ತನಗೆ ಬೇಕಾದ್ದನ್ನು ಹೇಳಿದ. ಯಾವ ಕೀ ಏನು ಕೆಲಸ ಮಾಡಬೇಕು ಎಂದು ತಾನೇ ಹೇಳುವಂತಿರಬೇಕು. ಬೇಡವಾದ ಸ್ವಿಚ್ಚು ಕಿತ್ತು ಬೇರೆ ಕೂರಿಸುವಂತಿರಬೇಕು. ಬೆಲೆ ತನ್ನ ಜೇಬಿಗೆ ಎಟುಕಬೇಕು. ದೀಪ ಬೇಡ.

ದೀಪ ಬೇಡ ಎಂದ ಹುಡುಗನನ್ನು ಗೌಸ್‌ಸಾಬರು ಆ ವರ್ಷ ನೋಡಿರಲಿಲ್ಲ. ಒಳಗೆ ಹೋಗಿ ಧೂಳು ಹಿಡಿದ ಡಬ್ಬಿಯೊಂದನ್ನು ತಂದರು. ಬರೀ ಕಪ್ಪು ಕೀಬೋರ್ಡು, ನೋಡಲು ಏನೇನೂ ಇಲ್ಲ. ಮುಖ ಚೆಂದವಿಲ್ಲವೆಂದು ಯಾರೂ ಕೇಳುವುದಿಲ್ಲ, ಅದಕ್ಕೇ ಅಗ್ಗ ಎಂದರು. ಒಳಗಿನ ಗುಣ ಮಾತ್ರ ಹುಡುಗ ಕೇಳಿದ್ದೇ ಆಗಿತ್ತು. ಒಮ್ಮೆ ಶಿಫ್ಟ್ ಇಲ್ಲಿ ಎಂದು ಹೇಳಿಕೊಟ್ಟರೆ ಅದನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ, ಯಾವ ಕಂಪ್ಯೂಟರಿಗೆ ಜೋಡಿಸಿದರೂ ಮರೆಯುವುದಿಲ್ಲ. ಸ್ವಿಚ್ಚನ್ನು ಸಣ್ಣ ಚಿಮಟಿಗೆಯಿಂದ ಎಳೆದರೆ ಹಲ್ಲು ಬಂದ ಹಾಗೆ ಬಂತು.

ಇನ್ನು ಯಾವ ಸ್ವಿಚ್ಚು? ಅಂಗಡಿಯಲ್ಲಿ ಪ್ರತಿ ಬಣ್ಣದ್ದೂ ಒಂದೊಂದು ಕೂರಿಸಿದ ಸಣ್ಣ ಪಟ್ಟಿಯಿತ್ತು, ಒತ್ತಿ ನೋಡಲೆಂದೇ ಇಟ್ಟದ್ದು. ಫಕೀರೇಶ ಅದನ್ನು ನೋಡಿದ್ದೇ ಹಳೆಯ ಪಾಂಡಿತ್ಯ ಬಿಚ್ಚಿದ. ಕೆಂಪಾದರೆ ಹೀಗೆ, ಕಂದಾದರೆ ಹಾಗೆ, ಚಾಂಪಿಯನ್ನರು ಇದನ್ನು ಹಾಕುತ್ತಾರೆ, ಅದನ್ನು ಹಾಕುವುದಿಲ್ಲ.

ಅಜ್ಜಾರು ಹೆಗಲ ಮೇಲಿನ ಶಾಲು ತೆಗೆದು ಪಟ್ಟಿಯ ಮೇಲೂ ಅವನ ಕೈಯ ಮೇಲೂ ಹೊದಿಸಿದರು.

“ಬಣ್ಣಾ ಕೇಳಬ್ಯಾಡ. ಬೆರಳು ಕೇಳು.”

ಫಕೀರೇಶ ಶಾಲಿನೊಳಗೆ ಒಂದೊಂದೇ ಬೆರಳಿನಿಂದ ಒತ್ತಿ ನೋಡಿದ. ಎರಡು ಮನೆಯ ಕೆಲಸ ಹೊರಬೇಕಾದ ಉಂಗುರಬೆರಳು ಎಲ್ಲಕ್ಕಿಂತ ಮೆತ್ತಗಿನದನ್ನು ಆರಿಸಿತು. ಮಿಕ್ಕ ಬೆರಳುಗಳು ತಾವು ಒತ್ತಿದ್ದು ತಮಗೇ ತಿಳಿಯಲೆಂದು ನಡುವೆ ತಡೆಯಿರುವುದನ್ನು ಆರಿಸಿದವು. ಹೆಬ್ಬೆರಳು ಮಾತ್ರ ಗಟ್ಟಿ ಸ್ಪ್ರಿಂಗೇ ಬೇಕೆಂದಿತು. ಅದರ ಭಾರಕ್ಕೆ ಮೆತ್ತಗಿನವೆಲ್ಲ ಕೇಳುವ ಮೊದಲೇ ಇಳಿದುಬಿಡುತ್ತಿದ್ದವು.

ಗೌಸ್‌ಸಾಬರು ಬೆರಳು ಹೇಳಿದಲ್ಲೆಲ್ಲ ಆಯಾ ಸ್ವಿಚ್ಚು ಕೂರಿಸಿದರು. ಕಂದಿನ ನಡುವೆ ಮೆತ್ತಗಿನ ಕೆಂಪು, ಅದರ ಕೆಳಗೊಂದು ಗಟ್ಟಿ ಸ್ಪ್ರಿಂಗಿನ ಕಪ್ಪು.

“ಇದೇನ್ರಿ ಅಜ್ಜಾರ,” ಎಂದು ನಕ್ಕರು. “ಕಿಚಡಿ ಆತಲ್ಲ.”

“ಉಪ್ಪು ಸರಿ ಐತಿ ಬಿಡು, ಗೌಸೂ.”

ಕೀಬೋರ್ಡು ಸಿಕ್ಕಿತು, ಕೈ ಸಿಗಲು ಮತ್ತಷ್ಟು ದಿನ ಬೇಕಾಯಿತು. ಹೆಬ್ಬೆರಳು ಹೊಸ ಕೆಲಸದ ಹುರುಪಿನಲ್ಲಿ ಬೇಡದ ಕಡೆಯೂ ಶಿಫ್ಟ್ ಒತ್ತಿ ಲಕಾರವನ್ನೆಲ್ಲ ಳಕಾರ ಮಾಡಿಹಾಕುತ್ತಿತ್ತು. ಆಟದಲ್ಲಿ ಸೈನಿಕ ನಿಲ್ಲಬೇಕಾದಲ್ಲಿ ಓಡಿ, ಓಡಬೇಕಾದಲ್ಲಿ ನಿಲ್ಲುತ್ತಿದ್ದ. ಫಕೀರೇಶ ಕೆಲವೊಮ್ಮೆ ಕೈಚೆಲ್ಲಿ ಕೂರುತ್ತಿದ್ದ. ಅಜ್ಜಾರು ನದಿಯ ಕಡೆ ಮುಖ ಮಾಡಿ ಕೂತೇ ಇರುತ್ತಿದ್ದರು. ಅವರು ಎದ್ದು ಹೋಗುತ್ತಿರಲಿಲ್ಲವಾದ್ದರಿಂದ ಇವನೂ ಎದ್ದು ಹೋಗುವ ಹಾಗಿರಲಿಲ್ಲ.

ಒಂದು ಬೆಳಿಗ್ಗೆ ಫಕೀರೇಶ ಇಡೀ ಪುಟ ಮುಗಿಸಿ ತಲೆ ಎತ್ತಿದ. ಅಜ್ಜಾರ ಕಣ್ಣು ಮುಚ್ಚಿತ್ತು, ತೊಡೆಯ ಮೇಲೆ ಬೆರಳು ಆಡುತ್ತಿತ್ತು.

ಸ್ಪರ್ಧೆಯ ದಿನ ಹುಬ್ಬಳ್ಳಿಯ ಆ ಸಭಾಂಗಣದಲ್ಲಿ ಎಲ್ಲಿ ನೋಡಿದರೂ ದೀಪದ ಕೀಬೋರ್ಡುಗಳೇ. ಕೆಲವಂತೂ ಮದುವೆ ಮಂಟಪದ ಹಾಗೆ ಮಿನುಗುತ್ತಿದ್ದವು. ಫಕೀರೇಶ ತನ್ನ ಕಪ್ಪು ಕೀಬೋರ್ಡು ಹೊರತೆಗೆದಾಗ ಪಕ್ಕದ ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವನ ಕೈ ನೋಡಿದ ಮೇಲೆ ಬೇರೆ ಕಡೆ ನೋಡಿದರು.

ಮೊದಲ ಸುತ್ತು ಶುರುವಾಯಿತು. ಪರದೆಯ ಮೇಲಿನ ಕನ್ನಡದ ಪಾಠವನ್ನು ನೋಡಿ ಟೈಪ್ ಮಾಡಬೇಕು, ವೇಗವೂ ಬೇಕು, ತಪ್ಪೂ ಇರಬಾರದು. ಫಕೀರೇಶನ ಕಣ್ಣು ಪಾಠದ ಮೇಲಿಂದ ಕದಲಲಿಲ್ಲ. ಅ ಬಂತು, ಉಂಗುರಬೆರಳು ಹೋಗಿ ಬಂತು. ಸೊನ್ನೆ ಬಂತು, ಹೆಬ್ಬೆರಳು ಇದ್ದಲ್ಲೇ ಒಮ್ಮೆ ಬಾಗಿತು. ಗಂಟೆ ಬಾರಿಸಿದಾಗ ಅವನಿಗೆ ಆಶ್ಚರ್ಯವೇ ಆಯಿತು. ತನಗೆ ಬೆರಳಿಲ್ಲವೆಂಬುದೇ ಅಷ್ಟು ಹೊತ್ತು ನೆನಪಿಗೆ ಬಂದಿರಲಿಲ್ಲ.

ಫಲಿತಾಂಶ ಪರದೆಯ ಮೇಲೆ ಬಂತು. ಮೊದಲನೆಯ ಹೆಸರು ಅವನದು. ಅವನ ಹಿಂದೆಯೇ ವಿಶ್ವಜಿತ್ ಅಂಗಡಿ, ಹಿಂದಿನ ವರ್ಷ ಇದೇ ಸ್ಪರ್ಧೆ ಗೆದ್ದಿದ್ದ ಹುಡುಗ.

ವಿಶ್ವಜಿತ್ ಎದ್ದು ನಿಂತ. ಪಕ್ಕದಲ್ಲೇ ಕೂತಿದ್ದ ಅವನು ಫಕೀರೇಶನ ಹೆಬ್ಬೆರಳು ಶಿಫ್ಟ್ ಒತ್ತುವುದನ್ನು ಕಂಡಿದ್ದ, ಕೀಗಳ ಸದ್ದು ಬೇರೆಬೇರೆಯಾಗಿರುವುದನ್ನೂ ಕೇಳಿದ್ದ. ಸಂಘದ ಅಧ್ಯಕ್ಷೆ ಮಂದಾಕಿನಿ ಮೇಡಮ್ಮನವರಿಗೆ ತನ್ನ ಆಕ್ಷೇಪ ಹೇಳಿದ. ಆ ಕೀಬೋರ್ಡಿನಲ್ಲಿ ಶಿಫ್ಟಿನ ಜಾಗವನ್ನೇ ಬದಲಿಸಿದ್ದಾರೆ, ಒಂದೊಂದು ಕೀಗೆ ಒಂದೊಂದು ಥರದ ಸ್ವಿಚ್ಚು ಹಾಕಿದ್ದಾರೆ, ಇದರಿಂದ ಅವರಿಗೆ ಹೆಚ್ಚಿನ ಲಾಭವಾಗುತ್ತದೆ ಎಂದ. ಹುಡುಗ ಕೆಟ್ಟವನಲ್ಲ, ಸೋಲಲು ಇಷ್ಟವಿರಲಿಲ್ಲ ಅಷ್ಟೆ.

ಮಂದಾಕಿನಿ ಮೇಡಂ ಗೊಂದಲಕ್ಕೆ ಬಿದ್ದರು. ಸ್ವಂತ ಕೀಬೋರ್ಡು ತರಬೇಕೆಂದು ನಿಯಮವಿದೆ, ಹೀಗೆ ಬದಲಿಸಬಹುದೋ ಬಾರದೋ ಎಂದು ಎಲ್ಲೂ ಇಲ್ಲ. ಸಭಾಂಗಣದಲ್ಲಿ ಗುಸುಗುಸು ಹಬ್ಬಿತು. ಫಕೀರೇಶನ ಎಡಗೈ ತಾನಾಗಿಯೇ ಜೇಬಿಗೆ ಹೋಯಿತು. ಎಲ್ಲ ಮುಗಿಯಿತು, ಜೆರಾಕ್ಸ್ ಅಂಗಡಿಯೇ ಗತಿ ಎಂದುಕೊಂಡ.

ಕೊನೆಯ ಸಾಲಿನಿಂದ ಅಜ್ಜಾರು ಎದ್ದು ಬಂದರು. ಫಕೀರೇಶನ ಕೀಬೋರ್ಡನ್ನು ಎತ್ತಿಕೊಂಡು ಹೋಗಿ ವಿಶ್ವಜಿತನ ಮುಂದಿಟ್ಟರು.

“ಲಾಭ ಐತಿ ಅಂದ್ರ ಮುಂದಿನ ಸುತ್ತು ನೀ ಇದರ ಮ್ಯಾಲ ಆಡು, ತಮ್ಮಾ. ಇಂವ ನಿಂದರ ಮ್ಯಾಲ ಆಡತಾನ.”

ಆ ದೀಪದ ಕೀಬೋರ್ಡಿನ ಮೇಲೆ ತಾನು ಒಂದು ಕಂದಕವನ್ನೂ ದಾಟಲಾರೆ ಎಂದು ಫಕೀರೇಶನಿಗೆ ಗೊತ್ತಿತ್ತು. ಅಜ್ಜಾರಿಗೂ ಗೊತ್ತಿತ್ತು. ಆದರೂ ಅವರು ಅವನ ಕಡೆ ನೋಡಲೂ ಇಲ್ಲ.

ವಿಶ್ವಜಿತ್ ಖುಷಿಯಿಂದಲೇ ಕೂತ. ಕೈ ಇಟ್ಟು ನೋಡೋಣವೆಂದು ತನ್ನ ಹೆಸರನ್ನೇ ಟೈಪ್ ಮಾಡಿದ. ಬಂದದ್ದು ಯಾರ ಹೆಸರೂ ಅಲ್ಲ. ಆಟ ಹಚ್ಚಿದ. ಸೈನಿಕ ಓಡಲಿಲ್ಲ, ಏಕೆಂದರೆ ಕಿರುಬೆರಳು ಒತ್ತುತ್ತಿದ್ದ ಮೂಲೆಯಲ್ಲಿ ಶಿಫ್ಟೇ ಇರಲಿಲ್ಲ. ಉಂಗುರಬೆರಳು ತಾಗಿದರೆ ಸಾಕು, ಹಿಂದೆ ನಡೆಸುವ ಕೀಯ ಮೆತ್ತಗಿನ ಸ್ವಿಚ್ಚು ಇಳಿದು ಸೈನಿಕ ಹಿಂದಕ್ಕೆ ಹೊರಡುತ್ತಿದ್ದ. ಮೂರು ಹೆಜ್ಜೆ ಹಿಂದೆ ಹೋಗಿ ಗೋಡೆಯಿಂದಲೇ ಕೆಳಗೆ ಬಿದ್ದ. ಸಭಾಂಗಣ ಗೊಳ್ಳೆಂದಿತು. ಒಂದು ಗಳಿಗೆ ಮುಖ ಸಣ್ಣ ಮಾಡಿಕೊಂಡಿದ್ದ ವಿಶ್ವಜಿತನೂ ಆಮೇಲೆ ನಕ್ಕುಬಿಟ್ಟ.

ಕೀಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ತಂದು ಫಕೀರೇಶನ ಮುಂದಿಟ್ಟ. ತನ್ನ ಆಕ್ಷೇಪ ಏನೂ ಇಲ್ಲ ಎಂದು ಮೇಡಮ್ಮನವರಿಗೆ ಹೇಳಿದ.

ಎರಡನೆಯ ಸುತ್ತಿಗೆ ಉಳಿದವರು ಅವರಿಬ್ಬರೇ. ಮೂರು ಓಟ, ಎರಡು ಗೆದ್ದವನಿಗೆ ಸುತ್ತು.

ಮೊದಲ ಓಟದಲ್ಲಿ ಫಕೀರೇಶನ ಧೈರ್ಯ ಕೈಕೊಟ್ಟಿತು. ಜನರ ಕೂಗಿಗೆ ಗಾಬರಿಯಾಗಿ ಇಲ್ಲದ ಕಿರುಬೆರಳು ಹಳೆಯ ಮೂಲೆಗೆ ಹಾರಿತು. ಸೈನಿಕ ಕಂದಕಕ್ಕೆ ಬಿದ್ದ. ವಿಶ್ವಜಿತ್ ಗೆದ್ದ.

ಫಕೀರೇಶ ತಿರುಗಿ ನೋಡಿದ. ಅಜ್ಜಾರು ಕೊನೆಯ ಸಾಲಿನಲ್ಲಿ ಪರದೆಗೆ ಬೆನ್ನು ಹಾಕಿ, ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ಆಟವನ್ನು ಅವರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಅದನ್ನು ಕಂಡದ್ದೇ ಅವನ ಉಸಿರು ತನ್ನ ಹದಕ್ಕೆ ಬಂತು.

ಎರಡನೆಯ ಓಟ. ಹೆಬ್ಬೆರಳು ಬಾಗಿತು, ಸೈನಿಕ ಓಡಿದ. ಬಲಗೈ ಹೆಬ್ಬೆರಳು ಬಡಿಯಿತು, ಸೈನಿಕ ಜಿಗಿದ. ಒಂದು ಕಂದಕ, ಇನ್ನೊಂದು ಕಂದಕ, ಮುರಿದ ಬುರುಜು, ಉರಿಯುವ ಬಾಗಿಲು. ಎಲ್ಲವನ್ನೂ ದಾಟಿದ. ಈ ಓಟ ಫಕೀರೇಶನದು.

ಮೂರನೆಯ ಓಟದಲ್ಲಿ ಇಬ್ಬರ ಸೈನಿಕರೂ ಹೆಗಲಿಗೆ ಹೆಗಲು ಕೊಟ್ಟು ಓಡಿದರು. ಜನ ಎದ್ದು ನಿಂತರು. ಕೊನೆಯ ಕಂದಕ ಅದುವರೆಗಿನ ಎಲ್ಲಕ್ಕಿಂತ ಅಗಲವಾದದ್ದು, ಓಡುತ್ತ ಓಡುತ್ತಲೇ ಜಿಗಿಯಬೇಕು. ವಿಶ್ವಜಿತನ ಕಿರುಬೆರಳು ಅಷ್ಟು ಹೊತ್ತಿನ ಓಟಕ್ಕೆ ಸೋತು ಶಿಫ್ಟ್ ಮೇಲಿಂದ ಒಂದಿಷ್ಟು ಜಾರಿತು. ಫಕೀರೇಶನ ಹೆಬ್ಬೆರಳು ಜಾರಲಿಲ್ಲ. ಎಷ್ಟೋ ವರ್ಷ ಕುಂತು ಉಂಡ ಆಳು, ಅವನಿಗೆ ದಣಿವೆಂಬುದೇ ಇರಲಿಲ್ಲ.

ಸೈನಿಕ ಕಂದಕದ ಆಚೆ ಇಳಿದ.

ಸಭಾಂಗಣ ಹಾರಿ ಹೋಗುವ ಹಾಗೆ ಚಪ್ಪಾಳೆ ಬಿತ್ತು. ಫಕೀರೇಶ ಖುಷಿಗೆ ಕೂಗಿಬಿಟ್ಟ. ಪಾರಿತೋಷಕ ಕೊಡಲು ಕರೆದಾಗ ಓಡಿಯೇ ಹೋದ. ಎರಡೂ ಕೈ ಎತ್ತಿ ಅದನ್ನು ತಲೆಯ ಮೇಲೆ ಹಿಡಿದ. ಒಂಬತ್ತು ಬೆರಳುಗಳನ್ನೂ ಇಡೀ ಸಭೆ ಕಂಡಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ವೇದಿಕೆಯಿಂದ ಇಳಿದದ್ದೇ ಹುಡುಗರು ಮುತ್ತಿಕೊಂಡರು. ಕಪ್ಪು ಕೀಬೋರ್ಡಿನ ಫೋಟೋ ತೆಗೆದರು. ಯಾವ ಅಂಗಡಿ, ಯಾವ ಬಣ್ಣದ ಸ್ವಿಚ್ಚು, ಎಲ್ಲಿ ಯಾವುದು ಎಂದು ಕೇಳಿ ಮೊಬೈಲಿನಲ್ಲಿ ಬರೆದುಕೊಂಡರು. ಗುಂಪನ್ನು ಸರಿಸಿಕೊಂಡು ವಿಶ್ವಜಿತ್ ಮುಂದೆ ಬಂದ. ಫಕೀರೇಶನ ಕೈ ಕುಲುಕಿ, ಅಜ್ಜಾರ ಪಾದ ಮುಟ್ಟಿದ.

“ಅಜ್ಜಾರ, ನನಗೂ ಇಂಥಾದ್ದ ಒಂದು ಕೊಡಸ್ರಿ. ಹಿಂಗ ಇರಬೇಕು ನೋಡ್ರಿ, ಇದ್ದದ್ದು ಇದ್ದಂಗ.”

ಅಜ್ಜಾರು ಕುರ್ಚಿ ಎಳೆದುಕೊಂಡು ಅವನೆದುರು ಕೂತರು. ಕನ್ನಡಕ ತೆಗೆದು, ಶಾಲಿನ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು.

“ಮೊದಲ ನಿನ್ನ ಕೈ ತೋರಿಸು, ತಮ್ಮಾ.”